ಮೀಟರ್ ಕೆಂಪಾದಾಗ: ಮನೆ ಸ್ಟುಡಿಯೋದಲ್ಲಿ ಹೆಡ್‌ರೂಮ್ ಮತ್ತು ಕ್ಲಿಪ್ಪಿಂಗ್

ಒಂದು ಭಾವಗೀತೆ ರೆಕಾರ್ಡ್ ಮಾಡಿದ್ದೀರಿ ಅಂದುಕೊಳ್ಳಿ. ಹಾಡಿಗೆ ಒಂದು ಟ್ರ್ಯಾಕ್, ತಬಲಾಗೆ ಎರಡು, ಹಾರ್ಮೋನಿಯಂ, ಕೊಳಲು, ತಂಬೂರಿ, ಕೋರಸ್‌ಗೆ ಇನ್ನೆರಡು. ಒಟ್ಟು ಎಂಟು. ಒಂದೊಂದನ್ನೇ ಕೇಳಿದರೆ ಚೆನ್ನಾಗಿದೆ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಮಾಸ್ಟರ್ ಮೀಟರಿನ (ಎಲ್ಲ ಟ್ರ್ಯಾಕ್‌ಗಳೂ ಕೂಡಿದ ಶಬ್ದದ ಮಟ್ಟ ತೋರಿಸುವ ಮೀಟರ್) ತುದಿ ಕೆಂಪಾಗುತ್ತದೆ.

ಈಗ ಏನು ಮಾಡಬೇಕು ಎಂದು ಯಾರನ್ನಾದರೂ ಕೇಳಿದರೆ ಎರಡು ಬಗೆಯ ಉತ್ತರ ಸಿಗುತ್ತದೆ. ‘ಕೆಂಪು ಬಂತು ಅಂದ್ರೆ ಮಿಕ್ಸ್ ಹಾಳಾಯ್ತು’ ಅನ್ನುವುದು ಒಂದು. ‘ಈಗಿನ ಸಾಫ್ಟ್‌ವೇರ್ ಎಲ್ಲಾ ಫ್ಲೋಟಿಂಗ್ ಪಾಯಿಂಟ್, ತಲೆ ಕೆಡಿಸಿಕೊಳ್ಳಬೇಡಿ’ ಅನ್ನುವುದು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯ ಇದೆ. ಕೆಂಪು ಎಲ್ಲಿ ಬಂತು ಅನ್ನುವುದು ಗೊತ್ತಾದರೆ ಮಾತ್ರ ಉತ್ತರ ಪೂರ್ತಿಯಾಗುತ್ತದೆ. ಮೈಕಿನ ಹತ್ತಿರವೇ ಬಂದಿದ್ದರೆ ಒಂದು ದಾರಿ, ಸಾಫ್ಟ್‌ವೇರ್ ಒಳಗಡೆ ಬಂದಿದ್ದರೆ ಇನ್ನೊಂದು, ಕೊನೆಗೆ ಫೈಲ್ ತೆಗೆಯುವಾಗ ಬಂದಿದ್ದರೆ ಮತ್ತೊಂದು. ಇಲ್ಲಿ ಹೇಳುವ ಹೆಜ್ಜೆಗಳು ರೀಪರ್ ಸಾಫ್ಟ್‌ವೇರ್‌ಗೆ ಸಂಬಂಧಿಸಿದವು. ಕೆಲವು ಕಡೆ ಆಡಾಸಿಟಿಯೂ ಬರುತ್ತದೆ. ಬೇರೆ ಸಾಫ್ಟ್‌ವೇರ್ ಬಳಸುವವರಿಗೆ ಬಟನ್‌ಗಳ ಜಾಗ ಬೇರೆ ಇರಬಹುದು, ಲೆಕ್ಕ ಮಾತ್ರ ಇದೇ.

ಸೊನ್ನೆಯೇ ಮೇಲಿನ ತುದಿ

ಡಿಜಿಟಲ್ ಆಡಿಯೋದಲ್ಲಿ ಶಬ್ದ ಎಂದರೆ ಅಂಕಿಗಳ ಸಾಲು. ಸಿ.ಡಿ.ಯಲ್ಲಾದರೆ ಒಂದು ಚಾನೆಲ್‌ಗೆ ಸೆಕೆಂಡಿಗೆ 44,100 ಅಂಕಿಗಳು. 16 ಬಿಟ್ ಫೈಲಿನಲ್ಲಿ ಪ್ರತಿ ಅಂಕಿಯೂ ಮೈನಸ್ 32,768ರಿಂದ ಪ್ಲಸ್ 32,767ರ ಒಳಗೇ ಇರಬೇಕು. ಅದಕ್ಕಿಂತ ದೊಡ್ಡದನ್ನು ಬರೆಯಲು ಅಲ್ಲಿ ಜಾಗವಿಲ್ಲ. ಶಬ್ದದ ಅಲೆ ಇನ್ನೂ ಮೇಲೆ ಹೋಗಬೇಕಿದ್ದರೂ ಅಂಕಿ 32,767ರಲ್ಲೇ ನಿಂತುಬಿಡುತ್ತದೆ. ಅಲೆಯ ದುಂಡನೆಯ ತಲೆ ಚಪ್ಪಟೆಯಾಗುತ್ತದೆ. ಇದೇ ಕ್ಲಿಪ್ಪಿಂಗ್. ಹಾಗೆ ಚಪ್ಪಟೆಯಾದ ಅಲೆಯಲ್ಲಿ ಮೂಲ ಹಾಡಿನಲ್ಲಿ ಇಲ್ಲದ ಹೊಸ ಕಂಪನಗಳು ಹುಟ್ಟಿಕೊಳ್ಳುತ್ತವೆ. ಹಾಡುಗಾರರು ತಾರಸ್ಥಾಯಿಗೆ ಏರಿದಾಗ ದನಿಯ ಮೇಲೆ ಕರಕರ ಅನ್ನುವ ಒಂದು ಪದರ ಕೇಳುತ್ತದಲ್ಲ, ಅದು ಇದೇ. ತಬಲಾದ ‘ನಾ’ ಆದರೆ ಕರಕರ ಅಷ್ಟಾಗಿ ಗೊತ್ತಾಗುವುದಿಲ್ಲ. ಪೆಟ್ಟಿನ ಮೊನೆ ಮೊಂಡಾಗಿ, ಬಾರಿಸಿದವರ ಕೈಯಲ್ಲೇ ಜೀವ ಇಲ್ಲವೇನೋ ಅನ್ನಿಸುತ್ತದೆ.

ಈ ಮೇಲಿನ ತುದಿಯನ್ನು ಮೀಟರಿನಲ್ಲಿ 0 ಡಿಬಿಎಫ್‌ಎಸ್ ಎಂದು ಬರೆಯುತ್ತಾರೆ. ಮುಂದೆ ಸುಮ್ನೆ ಡಿಬಿ ಎನ್ನೋಣ. ಉಳಿದ ಮಟ್ಟಗಳೆಲ್ಲ ಸೊನ್ನೆಯಿಂದ ಕೆಳಗೆ, ಮೈನಸ್‌ನಲ್ಲಿ. ಒಂದು ಲೆಕ್ಕ ನೆನಪಿಟ್ಟುಕೊಂಡರೆ ಸಾಕು: 6 ಡಿಬಿ ಇಳಿದರೆ ಅಲೆಯ ಎತ್ತರ ಸುಮಾರು ಅರ್ಧವಾಗುತ್ತದೆ. ಹಾಗಾಗಿ ಮೈನಸ್ 6 ಅಂದರೆ ಪೂರ್ತಿ ಎತ್ತರದ ಅರ್ಧ, ಮೈನಸ್ 12 ಅಂದರೆ ಕಾಲು, ಮೈನಸ್ 18 ಅಂದರೆ ಎಂಟನೇ ಒಂದು ಪಾಲು.

ನಿಮ್ಮ ಶಬ್ದ ಮುಟ್ಟುವ ಎತ್ತರಕ್ಕೂ ಈ ಸೊನ್ನೆಗೂ ನಡುವೆ ಉಳಿದ ಜಾಗವೇ ಹೆಡ್‌ರೂಮ್. ಹಾಲು ಕಾಯಿಸುವಾಗ ಪಾತ್ರೆಯ ಕಂಠದವರೆಗೆ ಸುರಿಯುವುದಿಲ್ಲ, ಉಕ್ಕುವುದಕ್ಕೆ ಜಾಗ ಬಿಡುತ್ತೇವೆ. ಇದೂ ಹಾಗೆಯೇ.

ಈ ಜಾಗವನ್ನು ಎಲ್ಲ ವಾದ್ಯಗಳೂ ಒಂದೇ ತರಹ ತಿನ್ನುವುದಿಲ್ಲ. ಹಾರ್ಮೋನಿಯಂ ಸ್ವರ ಹಿಡಿದರೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಅದರ ಸರಾಸರಿಗೂ ಪೀಕಿಗೂ (ಅಲೆ ಮುಟ್ಟುವ ಅತಿ ಹೆಚ್ಚಿನ ಎತ್ತರ) ಅಂತರ ಕಡಿಮೆ. ತಬಲಾ, ಮೃದಂಗ, ಯಕ್ಷಗಾನದ ಚೆಂಡೆ ಹಾಗಲ್ಲ. ಪೆಟ್ಟು ಬಿದ್ದ ಕ್ಷಣದಲ್ಲಿ ಮೀಟರ್ ಜಿಗಿದು ತಕ್ಷಣ ಬಿದ್ದುಹೋಗುತ್ತದೆ. ಕಿವಿಗೆ ಎರಡೂ ಒಂದೇ ಜೋರಾಗಿ ಕೇಳಿದರೂ ತಬಲಾದ ಪೀಕ್ ತುಂಬಾ ಮೇಲಿರುತ್ತದೆ. ಮಿಕ್ಸ್‌ನಲ್ಲಿ ಕೆಂಪು ತರಿಸುವುದು ಬಹಳ ಸಲ ಇಂಥ ವಾದ್ಯವೇ. ಆದರೆ ಕೇಳಿದವರು ಹಾಡಿನ ದನಿ ಜಾಸ್ತಿಯಾಯಿತು ಅಂದುಕೊಂಡು ಅದನ್ನೇ ಇಳಿಸುತ್ತಾರೆ.

ಮೊದಲು ರೆಕಾರ್ಡಿಂಗ್: ಇಲ್ಲಿ ಹೋದದ್ದು ವಾಪಸ್ ಬರುವುದಿಲ್ಲ

ಮೂರು ಕಡೆಗಳಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲೇ. ಮೈಕಿನಿಂದ ಬಂದ ಸಿಗ್ನಲ್ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಒಳಗೆ ಅಂಕಿಗಳಾಗುವಾಗ ಚಪ್ಪಟೆಯಾದರೆ ಫೈಲಿನಲ್ಲಿ ಉಳಿಯುವುದು ಆ ಚಪ್ಪಟೆ ಅಲೆಯೇ. ಆಮೇಲೆ ಸಾಫ್ಟ್‌ವೇರ್‌ನ ಫೇಡರ್ (ಮಟ್ಟ ಏರಿಸಿ ಇಳಿಸುವ ಜಾರುಗುಂಡಿ) ಎಷ್ಟು ಇಳಿಸಿದರೂ ಮೆಲ್ಲಗೆ ಕೇಳುವ ಕರಕರ ಸಿಗುತ್ತದೆ, ಅಷ್ಟೇ. ರೀಪರ್‌ನಲ್ಲಿ ಟ್ರ್ಯಾಕ್ ಫೇಡರ್ ಸಾಮಾನ್ಯವಾಗಿ ನೀವು ಕೇಳುವ ಮಟ್ಟವನ್ನು ಬದಲಿಸುತ್ತದೆ, ಫೈಲಿಗೆ ಬರೆಯುವ ಮಟ್ಟವನ್ನಲ್ಲ. ರೆಕಾರ್ಡಿಂಗ್ ಮಟ್ಟ ಇರುವುದು ಇಂಟರ್‌ಫೇಸ್‌ನ ಗೇನ್ ನಾಬ್‌ನಲ್ಲಿ. ಹೊಸಬರು ಮೊದಲು ಕಲಿಯಬೇಕಾದದ್ದು ಇದನ್ನೇ ಅಂತ ನನಗೆ ಅನ್ನಿಸುತ್ತದೆ.

ಹಾಗಾದರೆ ಹೀಗೆ ಮಾಡಿ. ಪ್ರಾಜೆಕ್ಟನ್ನು 24 ಬಿಟ್‌ಗೆ ಹೊಂದಿಸಿ. ಟ್ರ್ಯಾಕ್‌ನ ರೆಕಾರ್ಡ್ ಬಟನ್ ಒತ್ತಿ, ಗೇನ್ ಪೂರ್ತಿ ಕೆಳಗಿಟ್ಟು ಶುರು ಮಾಡಿ. ಹಾಡುಗಾರರಿಗೆ ‘ಒಂದು ಸಲ ಹಾಡಿ’ ಎಂದಷ್ಟೇ ಹೇಳಿದರೆ ಪಲ್ಲವಿಯನ್ನು ಮೆಲ್ಲಗೆ ಗುನುಗಿ ನಿಲ್ಲಿಸುತ್ತಾರೆ. ಅದು ಸಾಲದು. ಚರಣದಲ್ಲಿ ದನಿ ಎಲ್ಲಕ್ಕಿಂತ ಮೇಲೇರುವ ಸಾಲನ್ನೇ, ನಿಜವಾದ ಟೇಕ್‌ನಲ್ಲಿ ಹಾಡುವಷ್ಟೇ ಜೋರಾಗಿ ಹಾಡಿಸಿ. ತಬಲಾದವರಿಂದ ತಿಹಾಯಿ (ಮೂರು ಸಲ ಬರುವ ಮುಕ್ತಾಯದ ಬೋಲು) ಬಾರಿಸಿ ನೋಡಿ, ಬರೀ ಠೇಕಾ (ತಾಳದ ಮಾಮೂಲು ನುಡಿತ) ನೋಡಿ ಗೇನ್ ಇಡಬೇಡಿ. ಆಗ ಪೀಕ್ ಮೈನಸ್ 12ರ ಆಸುಪಾಸು ನಿಲ್ಲುವಂತೆ ಗೇನ್ ಹೊಂದಿಸಿ. ಟೇಕ್‌ನಲ್ಲಿ ಹುರುಪು ಬಂದು ಎಲ್ಲರೂ ಇನ್ನಷ್ಟು ಜೋರಾಗುತ್ತಾರೆ. ಮೈನಸ್ 6ರವರೆಗೆ ಹೋದರೂ ತೊಂದರೆಯಿಲ್ಲ.

‘ಅಷ್ಟು ಕಡಿಮೆ ಇಟ್ಟರೆ ಕ್ವಾಲಿಟಿ ಹೋಗಲ್ವಾ?’ ಎಂದು ಕೇಳುವವರು ತುಂಬಾ ಜನ. ಲೆಕ್ಕ ಹಾಕಿ ನೋಡೋಣ. ಒಂದು ಬಿಟ್‌ಗೆ ಸುಮಾರು 6 ಡಿಬಿ. 16 ಬಿಟ್‌ಗೆ 96 ಡಿಬಿ, 24 ಬಿಟ್‌ಗೆ 144 ಡಿಬಿ. ನೀವು 12 ಡಿಬಿ ಖಾಲಿ ಬಿಟ್ಟರೆ ಹೋಗುವುದು ಎರಡು ಬಿಟ್. ಇನ್ನೂ 22 ಬಿಟ್ ಉಳಿದಿರುತ್ತದೆ, ಸಿ.ಡಿ.ಗಿಂತ ಆರು ಬಿಟ್ ಜಾಸ್ತಿ. ಇಂಟರ್‌ಫೇಸ್‌ನ ಎಲೆಕ್ಟ್ರಾನಿಕ್ಸ್‌ಗೂ ತನ್ನದೇ ಗದ್ದಲ ಇರುವುದರಿಂದ 144 ಪೂರ್ತಿಯಾಗಿ ಯಾರಿಗೂ ಸಿಗುವುದಿಲ್ಲ. ಅದಕ್ಕಿಂತ ಮೊದಲೇ ನಿಮ್ಮ ಕೋಣೆಯ ಫ್ಯಾನ್, ರಸ್ತೆಯ ಆಟೋ, ಪಕ್ಕದ ಮನೆಯ ಮಿಕ್ಸಿ ಮೈಕಿಗೆ ಬಿದ್ದಿರುತ್ತವೆ. ‘ಮೀಟರ್ ತುದಿ ಮುಟ್ಟುವಷ್ಟು ಜೋರಾಗಿ ರೆಕಾರ್ಡ್ ಮಾಡಿ’ ಅನ್ನುವ ಸಲಹೆ ಟೇಪಿನ ಮತ್ತು 16 ಬಿಟ್ ಯಂತ್ರಗಳ ಕಾಲದ್ದು. ಆಗ ಅದಕ್ಕೆ ಕಾರಣವಿತ್ತು. 24 ಬಿಟ್‌ನಲ್ಲಿ ಆ ಕಾರಣ ಉಳಿದಿಲ್ಲ.

ಚೆಂಡೆಯಂಥ ವಾದ್ಯವನ್ನು ಹತ್ತಿರದಿಂದ ಹಿಡಿಯುವಾಗ ಇನ್ನೊಂದು ಅಪಾಯವಿದೆ. ಗೇನ್ ಪೂರ್ತಿ ಕೆಳಗಿದ್ದರೂ ದನಿ ಒಡೆಯಬಹುದು. ಕಂಡೆನ್ಸರ್ ಮೈಕಿನ ಒಳಗಿನ ಸರ್ಕ್ಯೂಟೇ ಆ ಜೋರನ್ನು ತಡೆಯದೆ ಇರಬಹುದು. ಇಂಟರ್‌ಫೇಸ್‌ನ ಪ್ರೀಆಂಪ್ (ಮೈಕಿನ ಸಿಗ್ನಲ್ ಹಿಗ್ಗಿಸುವ ಭಾಗ) ಕೂಡ ಸೋಲಬಹುದು. ಮೈಕಿನ ಮೇಲೆ ಮಟ್ಟ ಇಳಿಸುವ ಪ್ಯಾಡ್ ಸ್ವಿಚ್ ಇದ್ದರೆ ಹಾಕಿ. ಇಲ್ಲದಿದ್ದರೆ ಮೈಕನ್ನು ದೂರ ಇಡಿ, ಅಥವಾ ಡೈನಾಮಿಕ್ ಮೈಕ್ ಬಳಸಿ. ಈಚೆಗೆ 32 ಬಿಟ್ ಫ್ಲೋಟ್‌ನಲ್ಲಿ ರೆಕಾರ್ಡ್ ಮಾಡುವ ಯಂತ್ರಗಳು ಬಂದಿವೆ. ಅವುಗಳಲ್ಲಿ ಅಂಕಿ ಬರೆಯುವ ಹಂತದಲ್ಲಿ ಕ್ಲಿಪ್ ಆಗುವ ಭಯ ತುಂಬಾ ಕಡಿಮೆ. ಆದರೆ ಮೈಕೇ ಒಡೆದ ದನಿ ಕೊಟ್ಟರೆ ಅವೂ ಏನೂ ಮಾಡಲಾರವು.

ಬೇರೆಯವರು ಕಳಿಸಿದ ಫೈಲಿನಲ್ಲಿ ಮೀಟರನ್ನು ನಂಬಬೇಡಿ. ಮೊದಲು ಕ್ಲಿಪ್ ಆಗಿ, ಆಮೇಲೆ ಯಾರೋ 3 ಡಿಬಿ ಇಳಿಸಿದ್ದರೆ ಮೀಟರ್ ಹಸಿರಾಗಿಯೇ ಇರುತ್ತದೆ. ಅಲೆಯನ್ನು ದೊಡ್ಡದು ಮಾಡಿ ಕಣ್ಣಾರೆ ನೋಡಿ. ತಲೆಗಳೆಲ್ಲ ಒಂದೇ ಎತ್ತರದಲ್ಲಿ ಕತ್ತರಿಸಿದಂತೆ ಕಂಡರೆ ಫೈಲ್ ಮೊದಲೇ ಕ್ಲಿಪ್ ಆಗಿರುವ ಸಾಧ್ಯತೆ ಹೆಚ್ಚು.

ಸಾಫ್ಟ್‌ವೇರ್ ಒಳಗೆ: ಭಯ ಬೇಡ, ಶಿಸ್ತು ಬೇಕು

ಫೈಲ್ ಒಮ್ಮೆ ಸಾಫ್ಟ್‌ವೇರ್ ಒಳಗೆ ಬಂದ ಮೇಲೆ ಲೆಕ್ಕ ಬದಲಾಗುತ್ತದೆ. ಆಡಾಸಿಟಿ, ಆರ್ಡರ್ (Ardour) ಮೊದಲಾದ ಸಾಫ್ಟ್‌ವೇರ್‌ಗಳು ಒಳಗೆ 32 ಬಿಟ್ ಫ್ಲೋಟಿಂಗ್ ಪಾಯಿಂಟ್‌ನಲ್ಲಿ ಲೆಕ್ಕ ಮಾಡುತ್ತವೆ. ರೀಪರ್‌ನ ಮಿಕ್ಸಿಂಗ್ 64 ಬಿಟ್‌ನದು. ಇಲ್ಲಿ ಅಂಕಿಯ ಜತೆಗೆ ಅದನ್ನು ಎಷ್ಟು ಪಟ್ಟು ಹಿಗ್ಗಿಸಬೇಕು ಅನ್ನುವ ಗುರುತೂ ಇರುತ್ತದೆ. ಹಾಗಾಗಿ ಸೊನ್ನೆ ದಾಟಿದ ಅಂಕಿಗೂ ಜಾಗ ಇದೆ. 32 ಬಿಟ್ ಫ್ಲೋಟ್‌ನ ಒಟ್ಟು ಹರವೇ 1,500 ಡಿಬಿಗೂ ಹೆಚ್ಚು. ಟ್ರ್ಯಾಕ್ ಮೀಟರ್ ಪ್ಲಸ್ 4 ಎಂದು ತೋರಿಸಿದರೆ ಅಲೆ ಕತ್ತರಿಸಿದೆ ಎಂದಲ್ಲ, ಸೊನ್ನೆಯಿಂದ 4 ಡಿಬಿ ಮೇಲಿದೆ ಎಂದು ಅರ್ಥ.

ನಂಬಿಕೆ ಬರದಿದ್ದರೆ ಪರೀಕ್ಷೆ ಮಾಡಿ. ಹೊಸ ಪ್ರಾಜೆಕ್ಟ್‌ನಲ್ಲಿ ಒಂದೇ ಒಂದು ಹಾಡಿನ ಟ್ರ್ಯಾಕ್ ಹಾಕಿ. ಪ್ಲಗಿನ್ (ದನಿಯನ್ನು ಬದಲಿಸಲು ಸೇರಿಸುವ ಸಣ್ಣ ಸಾಫ್ಟ್‌ವೇರ್) ಏನೂ ಬೇಡ. ಟ್ರ್ಯಾಕ್ ಫೇಡರನ್ನು ಪ್ಲಸ್ 12ಕ್ಕೆ ಏರಿಸಿ, ಮಾಸ್ಟರ್ ಫೇಡರನ್ನು ಮೈನಸ್ 12ಕ್ಕೆ ಇಳಿಸಿ, ರೆಂಡರ್ ಮಾಡಿ, ಅಂದರೆ ಫೈಲ್ ತೆಗೆಯಿರಿ. ಆಮೇಲೆ ಎರಡೂ ಫೇಡರ್ ಸೊನ್ನೆಯಲ್ಲಿಟ್ಟು ಇನ್ನೊಂದು ಫೈಲ್ ತೆಗೆಯಿರಿ. ಎರಡೂ ಫೈಲುಗಳನ್ನು ಎರಡು ಟ್ರ್ಯಾಕ್‌ಗಳಲ್ಲಿ ಸರಿಯಾಗಿ ಒಂದರ ಕೆಳಗೊಂದು ಇಟ್ಟು, ಒಂದರ ಫೇಸ್ ಬಟನ್ (ಅಲೆಯನ್ನು ತಲೆಕೆಳಗು ಮಾಡುವ ಬಟನ್) ಒತ್ತಿ. ಪ್ಲೇ ಮಾಡಿದರೆ ಏನೂ ಕೇಳಿಸುವುದಿಲ್ಲ. ಎರಡೂ ಒಂದೇ ಆಗಿರುವುದರಿಂದ ಒಂದನ್ನೊಂದು ಕಳೆದುಹಾಕಿವೆ. ಮೊದಲ ಸಲ ಟ್ರ್ಯಾಕ್ ಪೂರ್ತಿ ಕೆಂಪಾಗಿದ್ದರೂ ಏನೂ ಹಾಳಾಗಿರಲಿಲ್ಲ.

ಹಾಗಾದರೆ ಒಳಗೆ ಹೇಗೆ ಬೇಕಾದರೂ ಇರಲಿ ಅಂದುಬಿಡಬಹುದಾ? ಬೇಡ. ಪ್ಲಗಿನ್‌ಗಳು ಮಧ್ಯೆ ಬಂದರೆ ಕಥೆ ಬೇರೆ. ಹಳೆಯ ಅನಲಾಗ್ ಕಂಪ್ರೆಸರ್ (ಜೋರಾದ ಕಡೆ ಮಟ್ಟವನ್ನು ಅದುಮುವ ಸಾಧನ), ಟೇಪ್, ಪ್ರೀಆಂಪ್‌ಗಳನ್ನು ಅನುಕರಿಸುವ ಪ್ಲಗಿನ್‌ಗಳಲ್ಲಿ ಹೆಚ್ಚಿನವು ಮೈನಸ್ 18 ಡಿಬಿಯ ಸುತ್ತಮುತ್ತಲ ಸರಾಸರಿ ಮಟ್ಟವನ್ನು ಎಣಿಸಿ ಮಾಡಿದಂಥವು. ಹಳೆಯ ವಿಯು ಮೀಟರಿನ (ಸರಾಸರಿ ಮಟ್ಟ ತೋರಿಸುವ ಮುಳ್ಳಿನ ಮೀಟರ್) ಸೊನ್ನೆಗೆ ಡಿಜಿಟಲ್‌ನಲ್ಲಿ ಮೈನಸ್ 18 ಅಥವಾ ಮೈನಸ್ 20 ಅನ್ನು ಸಮ ಎಂದು ಹಿಡಿಯುವ ರೂಢಿ ಇದೆ. ಇಂಥ ಪ್ಲಗಿನ್‌ಗೆ ಸೊನ್ನೆ ಮುಟ್ಟುವ ಸಿಗ್ನಲ್ ಕೊಟ್ಟರೆ ಅದು ತನ್ನ ಸ್ವಭಾವದಂತೆ ದನಿಯನ್ನು ಒರಟು ಮಾಡುತ್ತದೆ. ಆಮೇಲೆ ಫೇಡರ್ ಇಳಿಸಿ ಪ್ರಯೋಜನವಿಲ್ಲ, ಏಕೆಂದರೆ ಫೇಡರ್ ಇರುವುದು ಪ್ಲಗಿನ್‌ಗಳ ನಂತರ.

ನೀವು ಕೇಳುತ್ತಿರುವುದು ಏನು ಅನ್ನುವ ಪ್ರಶ್ನೆಯೂ ಇದೆ. ಮಾಸ್ಟರ್ ಪ್ಲಸ್‌ಗೆ ಹೋದರೆ ಸಾಫ್ಟ್‌ವೇರ್ ಒಳಗೆ ಅಲೆ ಸರಿಯಾಗಿಯೇ ಇರುತ್ತದೆ. ಆದರೆ ಹೆಡ್‌ಫೋನ್‌ಗೆ ಕಳಿಸುವ ಇಂಟರ್‌ಫೇಸ್‌ನಲ್ಲಿ ಸೊನ್ನೆಯೇ ಕೊನೆ. ಹಾಗಾಗಿ ನಿಮ್ಮ ಕಿವಿಗೆ ಬರುವುದು ಕತ್ತರಿಸಿದ ಶಬ್ದ. ಅದನ್ನೇ ನಂಬಿ ‘ಕೊಳಲು ಚುಚ್ಚುತ್ತಿದೆ’ ಎಂದು ಇಕ್ಯೂನಲ್ಲಿ (ಬೇರೆ ಬೇರೆ ಕಂಪನಗಳ ಮಟ್ಟ ತಿದ್ದುವ ಸಾಧನ) ಇಳಿಸಿದರೆ ಇಲ್ಲದ ತಪ್ಪನ್ನು ತಿದ್ದಿದಂತಾಗುತ್ತದೆ.

ಆದ್ದರಿಂದ ಮಿಕ್ಸ್ ಶುರು ಮಾಡುವ ಮೊದಲು ಪ್ರತಿ ಟ್ರ್ಯಾಕ್‌ನ ಮಟ್ಟವನ್ನು ಪ್ಲಗಿನ್‌ಗಳಿಗಿಂತ ಮುಂಚೆ ಸರಿಮಾಡಿ. ರೀಪರ್‌ನಲ್ಲಿ ಇದಕ್ಕೆ ಸುಲಭದ ದಾರಿ ಆಡಿಯೋ ತುಣುಕಿನ ಸ್ವಂತ ವಾಲ್ಯೂಮ್. ಅದು ಪ್ಲಗಿನ್‌ಗಳಿಗೆ ಮುಂಚೆಯೇ ಕೆಲಸ ಮಾಡುತ್ತದೆ. ಇಲ್ಲವೇ ಪ್ಲಗಿನ್ ಸಾಲಿನ ಮೊದಲನೆಯದಾಗಿ ‘ಜೆಎಸ್: ವಾಲ್ಯೂಮ್ ಅಡ್ಜಸ್ಟ್‌ಮೆಂಟ್’ ಹಾಕಿ. ಹಾಡು, ಹಾರ್ಮೋನಿಯಂ, ಕೊಳಲು ಸರಾಸರಿ ಮೈನಸ್ 18ರ ಹತ್ತಿರ ಬರಲಿ. ತಬಲಾಗೆ ಸರಾಸರಿ ನೋಡಬೇಡಿ, ಪೀಕ್ ಮೈನಸ್ 10ರ ಹತ್ತಿರ ಇದ್ದರೆ ಸಾಕು. ಈ ಅಂಕಿಗಳು ನಿಯಮವಲ್ಲ, ಹೊರಡುವ ಜಾಗ.

ಆಮೇಲೆ ಎಲ್ಲ ಫೇಡರ್‌ಗಳನ್ನೂ ಪೂರ್ತಿ ಕೆಳಗಿಳಿಸಿ. ಹಾಡಿನ ದನಿಯನ್ನು ಮೊದಲು ಏರಿಸಿ. ಮಾಸ್ಟರ್‌ನಲ್ಲಿ ಪೀಕ್ ಮೈನಸ್ 12ರಷ್ಟು ಬರಲಿ. ಅದರ ಸುತ್ತ ತಬಲಾ, ನಂತರ ಹಾರ್ಮೋನಿಯಂ, ಹೀಗೆ ಒಂದೊಂದನ್ನೇ ಕೂಡಿಸಿ. ಟ್ರ್ಯಾಕ್‌ಗಳು ಕೂಡಿದಂತೆ ಮಟ್ಟ ಏರುತ್ತಾ ಹೋಗುತ್ತದೆ. ಒಂದೇ ಅಲೆಯ ಎರಡು ಪ್ರತಿಗಳು ಸೇರಿದರೆ 6 ಡಿಬಿ ಏರುತ್ತದೆ. ಒಂದೇ ಮಟ್ಟದ ಎರಡು ಬೇರೆ ಬೇರೆ ವಾದ್ಯಗಳು ಸೇರಿದರೆ ಸರಾಸರಿ ಸುಮಾರು 3 ಡಿಬಿ. ಎಂಟು ಟ್ರ್ಯಾಕ್ ಒಂದೇ ಮಟ್ಟದಲ್ಲಿದ್ದರೆ ಸುಮಾರು 9 ಡಿಬಿ. ಒಂದೊಂದು ಟ್ರ್ಯಾಕ್ ಹಸಿರಿದ್ದರೂ ಮಾಸ್ಟರ್ ಯಾಕೆ ಕೆಂಪಾಯಿತು ಅನ್ನುವುದಕ್ಕೆ ಇದೇ ಉತ್ತರ.

ಕೇಳಿಸದ ಶಬ್ದವೂ ಜಾಗ ತಿನ್ನುತ್ತದೆ. ಫ್ಯಾನ್ ಗಾಳಿ, ನೆಲದ ಮೇಲೆ ಹೆಜ್ಜೆ, ಮೈಕ್ ಸ್ಟ್ಯಾಂಡ್‌ಗೆ ತಾಗಿದ ಕೈ ಎಲ್ಲವೂ ತೀರಾ ಕೆಳಗಿನ ಗುಡುಗುಡು ಶಬ್ದವಾಗಿ ಸೇರಿರುತ್ತವೆ. ಹಾಡು, ಕೊಳಲು, ತಂಬೂರಿಗೆ 80 ಹರ್ಟ್ಸ್‌ನ ಕೆಳಗಿನದನ್ನು ತೆಗೆದುಹಾಕುವ ಹೈಪಾಸ್ ಫಿಲ್ಟರ್ ಹಾಕಿದರೆ ಒಂದಷ್ಟು ಹೆಡ್‌ರೂಮ್ ವಾಪಸ್ ಸಿಗುತ್ತದೆ. ಗಂಡುದನಿ ಮಂದ್ರಕ್ಕೆ ಇಳಿಯುವ ಹಾಡಾದರೆ ಕೇಳಿಕೊಂಡೇ ಇಡಿ. ತಬಲಾದ ಎಡಗೈ ಭಾಗವಾದ ‘ಬಾಯಾ’ಗೆ ಮಾತ್ರ ಇದನ್ನು ಮಾಡಬೇಡಿ. ಅದರ ಗುಮ್ಮು ಇರುವುದೇ ಅಲ್ಲಿ.

ಇಷ್ಟಾದ ಮೇಲೂ ಮಾಸ್ಟರ್ ಕೆಂಪಾದರೆ? ಮೊದಲು ಮೀಟರಿನ ಮೇಲಿನ ಕೆಂಪು ಅಂಕಿಯನ್ನು ಕ್ಲಿಕ್ ಮಾಡಿ ಅಳಿಸಿ, ಇನ್ನೊಮ್ಮೆ ಪ್ಲೇ ಮಾಡಿ. ಹಳೆಯ ಕೆಂಪು ಹಾಗೇ ಉಳಿದುಕೊಂಡಿರುವುದುಂಟು. ನಿಜವಾಗಿಯೂ ದಾಟುತ್ತಿದ್ದರೆ ಟ್ರ್ಯಾಕ್‌ಗಳನ್ನು ಒಂದೊಂದಾಗಿ ಮ್ಯೂಟ್ ಮಾಡಿ ಯಾವುದರಿಂದ ಅಂತ ಹುಡುಕಿ. ಒಂದೇ ತಬಲಾ ಪೆಟ್ಟು ಕಾರಣವಾಗಿದ್ದರೆ ಆ ತುಣುಕನ್ನು ಮಾತ್ರ 2 ಡಿಬಿ ಇಳಿಸಿದರೆ ಮುಗಿಯಿತು. ಎಲ್ಲ ಕೂಡಿ ಜಾಸ್ತಿಯಾಗಿದ್ದರೆ, ಮಾಸ್ಟರ್‌ನ ಪ್ಲಗಿನ್ ಸಾಲಿನಲ್ಲಿ ಎಲ್ಲಕ್ಕಿಂತ ಮೊದಲು ‘ವಾಲ್ಯೂಮ್ ಅಡ್ಜಸ್ಟ್‌ಮೆಂಟ್’ ಹಾಕಿ 6 ಡಿಬಿ ಇಳಿಸಿ. ಮಾಸ್ಟರ್ ಫೇಡರ್ ಇಳಿಸುವುದಕ್ಕಿಂತ ನನಗೆ ಇದೇ ಇಷ್ಟ. ಫೇಡರ್ ಇಳಿಸಿದರೆ ಮಾಸ್ಟರ್‌ನಲ್ಲಿರುವ ಪ್ಲಗಿನ್‌ಗಳಿಗೆ ಜಾಸ್ತಿ ಸಿಗ್ನಲ್ ಹೋಗುವುದು ನಿಲ್ಲುವುದಿಲ್ಲ. ಎಲ್ಲ ಟ್ರ್ಯಾಕ್‌ಗಳನ್ನೂ ಒಟ್ಟಿಗೆ ಇಳಿಸಬಹುದು ನಿಜ, ಆದರೆ ತಬಲಾ ಗುಂಪಿಗೋ ಕೋರಸ್ ಗುಂಪಿಗೋ ಕಂಪ್ರೆಸರ್ ಹಾಕಿದ್ದರೆ ಅದು ಕೆಲಸ ಮಾಡುವ ರೀತಿಯೇ ಬದಲಾಗುತ್ತದೆ. ಮಾಸ್ಟರ್ ಸಾಲಿನ ಮೊದಲಲ್ಲಿ ಇಳಿಸಿದರೆ ಅದುವರೆಗಿನ ಮಿಕ್ಸ್ ಹಾಗೆಯೇ ಉಳಿಯುತ್ತದೆ.

ಕೆಂಪು ಕಂಡ ಕೂಡಲೇ ಮಾಸ್ಟರ್‌ಗೆ ಲಿಮಿಟರ್ (ಗೊತ್ತುಮಾಡಿದ ಮಿತಿ ದಾಟದಂತೆ ಶಬ್ದವನ್ನು ಅದುಮುವ ಪ್ಲಗಿನ್) ಹಾಕುವವರಿದ್ದಾರೆ. ಮಿಕ್ಸ್ ಮುಗಿಯುವ ಮೊದಲು ದಯವಿಟ್ಟು ಇದನ್ನು ಮಾಡಬೇಡಿ. ತಬಲಾ ಎಷ್ಟು ಮೇಲಿದೆ ಅನ್ನುವುದನ್ನು ಲಿಮಿಟರ್ ಮುಚ್ಚಿಡುತ್ತದೆ. ನೀವು ತಬಲಾ ಏರಿಸಿದಷ್ಟೂ ಅದು ಹಾಡನ್ನೂ ಸೇರಿಸಿ ಎಲ್ಲವನ್ನೂ ಅದುಮುತ್ತದೆ.

ಫೈಲ್ ತೆಗೆಯುವಾಗ

ಮಿಕ್ಸ್ 16 ಅಥವಾ 24 ಬಿಟ್ ಫೈಲಾಗುವ ಕ್ಷಣದಲ್ಲಿ ಸೊನ್ನೆ ಮತ್ತೆ ಗೋಡೆಯಾಗುತ್ತದೆ. ದಾಟಿದ್ದೆಲ್ಲ ಕತ್ತರಿಸಿ ಹೋಗುತ್ತದೆ. ರೀಪರ್‌ನ ರೆಂಡರ್ ಕಿಟಕಿಯಲ್ಲಿ ಪೀಕ್ ಎಷ್ಟಾಯಿತು, ಕ್ಲಿಪ್ ಆಯಿತೇ ಎಂದು ಕಾಣುತ್ತದೆ. ಮುಚ್ಚುವ ಮೊದಲು ಒಮ್ಮೆ ನೋಡಿ.

ಮಾಸ್ಟರಿಂಗ್‌ಗೆ (ಬಿಡುಗಡೆಗೆ ಮುಂಚಿನ ಕೊನೆಯ ಹದ) ಬೇರೆಯವರಿಗೆ ಕಳಿಸುವುದಾದರೆ ಮಾಸ್ಟರ್‌ನಲ್ಲಿ ಲಿಮಿಟರ್ ಇಲ್ಲದೆ, 24 ಬಿಟ್ ಅಥವಾ 32 ಬಿಟ್ ಫ್ಲೋಟ್ ವೇವ್ ಫೈಲ್ ಕಳಿಸಿ. ಪೀಕ್ ಮೈನಸ್ 6ರಿಂದ ಮೈನಸ್ 3ರ ನಡುವೆ ಇದ್ದರೆ ಒಳ್ಳೆಯದು. ಮೈನಸ್ 6 ಅನ್ನುವುದರಲ್ಲಿ ವಿಶೇಷ ಶಕ್ತಿ ಏನಿಲ್ಲ, ಅದೊಂದು ರೂಢಿ. ಅಲೆ ಎಲ್ಲೂ ಕತ್ತರಿಸಿಲ್ಲ ಅನ್ನುವುದೇ ಅವರಿಗೆ ಮುಖ್ಯ.

ನೇರವಾಗಿ ಯೂಟ್ಯೂಬ್‌ಗೋ ಸ್ಪಾಟಿಫೈಗೋ ಹಾಕುವವರು ಒಂದು ಸಣ್ಣ ವಿಷಯ ತಿಳಿದಿರಬೇಕು. ಮೀಟರ್ ನೋಡುವುದು ಒಂದೊಂದು ಅಂಕಿಯನ್ನು. ಆದರೆ ಶಬ್ದವಾಗುವಾಗ ಅಂಕಿಗಳ ನಡುವೆ ಅಲೆ ದುಂಡಗೆ ಏಳುತ್ತದೆ. ಎರಡು ಅಂಕಿಗಳೂ ಸೊನ್ನೆಯೊಳಗೇ ಇದ್ದು, ನಡುವಿನ ಅಲೆ ಸೊನ್ನೆ ದಾಟಬಹುದು. ಇದನ್ನು ಅಳೆಯುವುದು ಟ್ರೂ ಪೀಕ್ ಮೀಟರ್. ಎಂಪಿ3 ಅಥವಾ ಎಎಸಿ ಮಾಡುವಾಗ ಅಲೆಯ ಆಕಾರ ಸ್ವಲ್ಪ ಬದಲಾಗಿ ಪೀಕ್ ಇನ್ನೂ ಏರುವುದುಂಟು. ಅದಕ್ಕೇ ಕೊನೆಯ ಲಿಮಿಟರನ್ನು ಟ್ರೂ ಪೀಕ್ ಮೋಡ್‌ನಲ್ಲಿಟ್ಟು, ಮಿತಿಯನ್ನು ಮೈನಸ್ 1ಕ್ಕೆ ಹಾಕಿ. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ 2010ರಲ್ಲಿ ಹೊರತಂದ ಆರ್128 ಶಿಫಾರಸಿನಲ್ಲೂ ಮಿತಿ ಮೈನಸ್ 1. ಸ್ಪಾಟಿಫೈ ಹಾಡುಗಳನ್ನು ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಸರಾಸರಿ ಜೋರಿನ ಅಳತೆ) ಜೋರಿಗೆ ಹೊಂದಿಸಿ ನುಡಿಸುತ್ತದೆ. ಅದಕ್ಕಿಂತ ಜೋರಾದದ್ದನ್ನು ತಾನೇ ಇಳಿಸುತ್ತದೆ. ಅದುಮಿ ಅದುಮಿ ಜೋರು ಮಾಡಿದ ಭಾವಗೀತೆ ಅಲ್ಲಿ ಬೇರೆ ಹಾಡುಗಳಷ್ಟೇ ಜೋರಾಗಿ ಕೇಳುತ್ತದೆ, ತಬಲಾದ ಮೊನೆ ಮಾತ್ರ ಹೋಗಿರುತ್ತದೆ. ಮಾತು ಮೆಲ್ಲಗೆ ಮನಸ್ಸಿಗೆ ಇಳಿಯಬೇಕಾದ ಹಾಡಿಗೆ ಈ ನಷ್ಟ ತುಂಬಾ ದೊಡ್ಡದು.

ಈಗಾಗಲೇ ಕ್ಲಿಪ್ ಆಗಿದ್ದರೆ

ಇನ್ನೊಮ್ಮೆ ಹಾಡಿಸಲು ಆಗುತ್ತದೆ ಅಂದರೆ ಹಾಡಿಸಿ. ಅದಕ್ಕಿಂತ ಒಳ್ಳೆಯ ರಿಪೇರಿ ಇಲ್ಲ. ಆದರೆ ಅಜ್ಜಿ ಹಾಡಿದ ಸೋಬಾನೆ ಪದ, ಜಾತ್ರೆಯಲ್ಲಿ ಹಿಡಿದ ಡೊಳ್ಳು, ಮತ್ತೆ ಸಿಗದಂಥ ರೆಕಾರ್ಡಿಂಗ್ ಆಗಿದ್ದರೆ ಉಳಿಸಿಕೊಳ್ಳಲು ಪ್ರಯತ್ನಿಸಲೇಬೇಕು.

ಮೂಲ ಫೈಲಿನ ಪ್ರತಿ ಮಾಡಿಟ್ಟುಕೊಂಡು ಆಡಾಸಿಟಿಯಲ್ಲಿ ತೆರೆಯಿರಿ. ವ್ಯೂ ಮೆನುವಿನಲ್ಲಿ ‘ಶೋ ಕ್ಲಿಪ್ಪಿಂಗ್’ ಆಯ್ಕೆ ಹಾಕಿದರೆ ತುದಿ ಮುಟ್ಟಿದ ಕಡೆಯೆಲ್ಲ ಕೆಂಪು ಗೆರೆ ಬರುತ್ತದೆ. ಆ ಭಾಗವನ್ನು ಆಯ್ದು ‘ಕ್ಲಿಪ್ ಫಿಕ್ಸ್’ ಎಫೆಕ್ಟ್ ಕೊಡಿ. ಅಕ್ಕಪಕ್ಕದ ಅಲೆಯ ಆಕಾರ ನೋಡಿ ಅದು ಕಳೆದುಹೋದ ತಲೆಯನ್ನು ಅಂದಾಜಿನಲ್ಲಿ ಕಟ್ಟುತ್ತದೆ. ಹೊಸ ತಲೆಗೆ ಜಾಗ ಬೇಕಲ್ವಾ, ಅದಕ್ಕಾಗಿ ಒಟ್ಟು ಮಟ್ಟವನ್ನು ಇಳಿಸುವ ಆಯ್ಕೆಯೂ ಅಲ್ಲೇ ಇದೆ. ಫೈಲಿನ ಒಂದು ಭಾಗಕ್ಕೆ ಮಾತ್ರ ಕೊಟ್ಟರೆ ಆ ಭಾಗ ಮಾತ್ರ ಮೆಲ್ಲಗಾಗುತ್ತದೆ, ಆಮೇಲೆ ಅಕ್ಕಪಕ್ಕಕ್ಕೆ ಹೊಂದಿಸಿಕೊಳ್ಳಬೇಕು. ಇದಕ್ಕಿಂತ ಚೆನ್ನಾಗಿ ಮಾಡುವ, ದುಡ್ಡು ಕೊಟ್ಟು ಕೊಳ್ಳುವ ಡಿಕ್ಲಿಪ್ ಪ್ಲಗಿನ್‌ಗಳೂ ಇವೆ.

ಕೆಲವೇ ಅಂಕಿಗಳು ಚಪ್ಪಟೆಯಾಗಿದ್ದರೆ ಫಲಿತಾಂಶ ಚೆನ್ನಾಗಿರುತ್ತದೆ. ಒಂದಿಡೀ ಸಾಲೇ ಒಡೆದಿದ್ದರೆ ಕರಕರ ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ. ಈ ರಿಪೇರಿಯನ್ನು ಇಕ್ಯೂ, ಕಂಪ್ರೆಸರ್, ಗದ್ದಲ ತೆಗೆಯುವ ಎಫೆಕ್ಟ್, ಎಲ್ಲಕ್ಕಿಂತ ಮೊದಲು ಮಾಡಿ. ಇಕ್ಯೂ ಆದ ಮೇಲೆ ಚಪ್ಪಟೆ ತಲೆಗಳು ಓರೆಯಾಗುತ್ತವೆ, ಎಲ್ಲಿ ಕತ್ತರಿಸಿದೆ ಅನ್ನುವುದು ಕ್ಲಿಪ್ ಫಿಕ್ಸ್‌ಗೂ ಗೊತ್ತಾಗುವುದಿಲ್ಲ.